ಹೆದ್ದಾರಿ ಹೋಯಿತು, ದಾರಿ ಉಳಿಯಿತು

(ದೇವಾಲಯದ ಶತಮಾನೋತ್ಸವ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ಸಭೆಯಲ್ಲಿ ದೇವಾಲಯದ ಚರಿತ್ರೆಯನ್ನು ಹೇಳುವುದು ವಾಡಿಕೆ. ಅದನ್ನು ನಮಗಿಂತ ಚೆನ್ನಾಗಿ ಬಲ್ಲವರು ಈಗಾಗಲೇ ಈ ವೇದಿಕೆಯಿಂದ ಹೇಳಿದ್ದಾರೆ. ಆದ್ದರಿಂದ ನಾವು ದೇವಾಲಯದ ಬಾಗಿಲ ಮುಂದೆ ಈ ನೂರು ವರ್ಷವೂ ಮಲಗಿರುವ ಮತ್ತೊಬ್ಬ ಹಿರಿಯನ ವಿಷಯವಾಗಿ ನಾಲ್ಕು ಮಾತು ಹೇಳಬಯಸುತ್ತೇವೆ. ಆ ಹಿರಿಯನೆಂದರೆ ನಮ್ಮ ಬಿ.ಎಂ. ರಸ್ತೆ, ಅಂದರೆ ಹಳೆಯ ಬೆಂಗಳೂರು–ಮೈಸೂರು ರಸ್ತೆ.

ಈ ವಿಷಯವನ್ನೇ ಆರಿಸಿಕೊಳ್ಳಲು ಒಂದು ಕಾರಣವುಂಟು. ಕಳೆದ ವರ್ಷ ಉತ್ಸವದ ಸಿದ್ಧತೆಗಾಗಿ ಸಭೆ ಸೇರಿದಾಗ ನಮ್ಮ ಪಾಲನಾ ಸಮಿತಿಯ ಮುಂದೆ ಒಂದು ಸಲಹೆ ಬಂದಿತು. ಹೆದ್ದಾರಿಯು ಊರ ಹೊರಗೆ ಹೋಗಿದೆ. ಈಗ ಈ ಕಡೆ ಯಾರೂ ಬರುವುದಿಲ್ಲ. ಆದ್ದರಿಂದ ಹಿಂಭಾಗದ ತೋಟದ ಮೂಲಕ ಹೊಸ ರಸ್ತೆಯ ಕಡೆಗೆ ದೊಡ್ಡ ಕಮಾನೊಂದನ್ನು ಕಟ್ಟಿ ಅದನ್ನೇ ಮಹಾದ್ವಾರ ಮಾಡೋಣ, ಹಳೆಯ ಬಾಗಿಲನ್ನು ಮುಚ್ಚೋಣ ಎಂಬುದೇ ಆ ಸಲಹೆ. ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾವೂ ಮೊದಲು ತಲೆದೂಗಿದೆವು. ಆಮೇಲೆ ಆ ತೀರ್ಮಾನ ಏಕೆ ಬದಲಾಯಿತೆಂಬುದನ್ನು ತಿಳಿಸುವುದು ನಮ್ಮ ಕರ್ತವ್ಯ.

ದಾರಿಗಳು ಮೊದಲು ಹುಟ್ಟುವುದು ಬಹುಮಟ್ಟಿಗೆ ದೊರೆಗಳ ಮತ್ತು ದಂಡುಗಳ ಅವಸರಕ್ಕೆ. ನಮ್ಮ ಸೀಮೆಯೂ ಇದಕ್ಕೆ ಹೊರತಲ್ಲ. 1799ರ ಮಾರ್ಚ್ 27ರಂದು ಟಿಪ್ಪು ಸುಲ್ತಾನನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಮಳವಳ್ಳಿಯ ಬಳಿ ಯುದ್ಧವಾಯಿತು. ಅಲ್ಲಿಂದ ಆಂಗ್ಲರ ದಂಡು ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣವನ್ನು ಮುತ್ತಿತು. ಯುದ್ಧ ಮುಗಿದ ಮೇಲೆ ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ, 1802 ಮತ್ತು 1804ರ ನಡುವೆ, ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲುಕಂಬಗಳ ಸೇತುವೆಯಾಯಿತು. ಅದಕ್ಕೆ ವೆಲ್ಲೆಸ್ಲಿಯ ಹೆಸರಿಟ್ಟರು. 1850ರಲ್ಲಿ ಮದ್ದೂರಿನ ಬಳಿ ಶಿಂಷಾ ನದಿಗೆ ಏಳು ಕಮಾನುಗಳ ಇಟ್ಟಿಗೆಯ ಸೇತುವೆ ಎದ್ದಿತು. ಹೀಗೆ ಒಂದೊಂದೇ ಹೊಳೆಗೆ ಸೇತುವೆಯಾಗಿ, ದಂಡಿನ ದಾರಿಯು ಜನರ ದಾರಿಯಾಯಿತು.

ಇದೇ ದಾರಿಯ ಮೈಸೂರಿನ ಕೊನೆಯಲ್ಲಿ, ಶ್ರೀರಂಗಪಟ್ಟಣದ ಗಂಜಾಂನಲ್ಲಿ, ಟಿಪ್ಪುವಿನ ಪತನಾನಂತರ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಿದವರು ಫ್ರೆಂಚ್ ಗುರುಗಳಾದ ಅಬ್ಬೆ ದುಬ್ವಾ. ಜನ ಅವರನ್ನು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದರು. ಸಿಡುಬಿನ ಲಸಿಕೆಯನ್ನು ಮೈಸೂರು ಸೀಮೆಯಲ್ಲಿ ಬಳಕೆಗೆ ತರಲು ಅವರು ಶ್ರಮಿಸಿದರು. 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ಅವರ ಕಾಲದ ಗುರುಗಳು ಒಂದು ಕ್ರೈಸ್ತ ಕುಟುಂಬದಿಂದ ಇನ್ನೊಂದು ಕುಟುಂಬಕ್ಕೆ ಹೋಗಬೇಕಾದರೆ ಕುದುರೆ, ಎತ್ತಿನ ಗಾಡಿ, ಇಲ್ಲವೆ ಕಾಲುನಡಿಗೆಯೇ ಗತಿ. ನಡುವೆ ಹತ್ತು ಕಡೆ ನಿಲ್ಲಲೇಬೇಕಾಗಿತ್ತು. ಆ ನಿಂತ ಎಡೆಗಳೇ ಕ್ರಮೇಣ ಧರ್ಮಕೇಂದ್ರಗಳಾಗುವುದುಂಟು.

ನಾವು ಹುಟ್ಟಿದ್ದು ಮದ್ದೂರು–ಮಳವಳ್ಳಿ ರಸ್ತೆಯ ಒಂದು ಹಳ್ಳಿಯಲ್ಲಿ. ಎಪ್ಪತ್ತರ ದಶಕದಲ್ಲಿ, ಗುರುಮಠಕ್ಕೆ ಸೇರುವ ದಿನ, ತಂದೆಯವರೊಡನೆ ಮೊಟ್ಟಮೊದಲು ಈ ಹೆದ್ದಾರಿಗೆ ಬಂದು ನಿಂತದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಎರಡು ಪಕ್ಕದಲ್ಲೂ ಸಾಲುಮರ. ಮರದ ಬುಡದಲ್ಲಿ ಗಾಡಿ ಬಿಟ್ಟು ಎತ್ತುಗಳಿಗೆ ಹುಲ್ಲು ಹಾಕಿದವರು. 1933ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಗಾಡಿಗಳು ನುರಿಸುವ ಕಾಲದಲ್ಲಿ ರಾತ್ರಿಯೆಲ್ಲ ಸಾಗುತ್ತಿದ್ದವು. ಒಂದೊಂದರ ಅಡಿಯಲ್ಲೂ ಒಂದು ಲಾಟೀನು ತೂಗುತ್ತಿತ್ತು. ಗಾಡಿಯವನು ನಿದ್ದೆ ಹೋದರೂ ಎತ್ತಿಗೆ ದಾರಿ ಗೊತ್ತಿರುತ್ತಿತ್ತು.

ಈ ರಸ್ತೆ ಸರಕನ್ನಷ್ಟೇ ಹೊತ್ತದ್ದಲ್ಲ. ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್ ತಿಂಗಳಲ್ಲಿ ರಾಷ್ಟ್ರಧ್ವಜವನ್ನು ಹಾರಿಸಲು ಜನ ಸೇರಿದಾಗ, ಹಳ್ಳಿಹಳ್ಳಿಗಳಿಂದ ರೈತರು ಬಂದರು. ಮುಂದೆ ಕಾವೇರಿಯ ನೀರಿಗಾಗಿ ರೈತರು ಮಂಡ್ಯದಲ್ಲಿ ವಿಶ್ವೇಶ್ವರಯ್ಯನವರ ಪ್ರತಿಮೆಯ ಎದುರು ಕುಳಿತಾಗಲೆಲ್ಲ ಎರಡೂ ಕಡೆ ಮೈಲಿಗಟ್ಟಲೆ ವಾಹನಗಳು ನಿಂತುಬಿಡುತ್ತಿದ್ದವು. ಅದರಿಂದ ಪ್ರಯಾಣಿಕರಿಗೆ ತೊಂದರೆಯಾದದ್ದು ನಿಜ. ಆದರೆ ಬಡ ರೈತನ ದನಿಯು ರಾಜಧಾನಿಗೆ ಮುಟ್ಟಲು ಇದ್ದ ಒಂದು ದಾರಿ ಅದೇ ಆಗಿತ್ತೆಂಬುದನ್ನು ಮರೆಯಲಾಗದು.

ನಿಲ್ಲುವುದರಿಂದ ಏನಾಗುತ್ತದೆಂಬುದಕ್ಕೆ ಮದ್ದೂರಿನ ವಡೆಗಿಂತ ಬೇರೆ ನಿದರ್ಶನ ಬೇಕಿಲ್ಲ. 1917ರಲ್ಲಿ ಮದ್ದೂರು ರೈಲು ನಿಲ್ದಾಣದ ಉಪಾಹಾರ ಗೃಹದ ರಾಮಚಂದ್ರ ಬುಧ್ಯರು ಇದನ್ನು ಮೊದಲು ಮಾಡಿದರೆಂದು ಹೇಳುತ್ತಾರೆ. ಪಕೋಡ ಮಾಡಲು ಹೊತ್ತಿಲ್ಲದ ಒಂದು ದಿನ, ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಆಮೇಲೆ ರೈಲಿನ ವಡೆ ರಸ್ತೆಗೂ ಬಂದಿತು. ಬಂಡಿ ನಿಲ್ಲದ ಊರಿನಲ್ಲಿ ಇಂಥ ತಿಂಡಿ ಹುಟ್ಟುತ್ತಿರಲಿಲ್ಲ. ವಡೆ, ಎಳನೀರು, ಬೆಲ್ಲ, ಕಬ್ಬಿನಹಾಲು ಇವನ್ನು ಮಾರಿ ಮಕ್ಕಳನ್ನು ಓದಿಸಿದ ಎಷ್ಟೋ ತಾಯಂದಿರು ಈ ಸಭೆಯಲ್ಲೇ ಕುಳಿತಿದ್ದಾರೆ.

ಕಾಲ ಬದಲಾಯಿತು. ರಸ್ತೆಯನ್ನು ನಾಲ್ಕು ಪಥ ಮಾಡುವಾಗ ಸಾಲುಮರಗಳು ಹೋದವು. ಬಳಿಕ ಇದು ಬಂಟ್ವಾಳದಿಂದ ಬೆಂಗಳೂರಿಗೆ ಹೋಗುವ 275ನೇ ರಾಷ್ಟ್ರೀಯ ಹೆದ್ದಾರಿಯಾಯಿತು. 2023ರ ಮಾರ್ಚ್ 12ರಂದು ಪ್ರಧಾನ ಮಂತ್ರಿಗಳು ಮಂಡ್ಯ ಜಿಲ್ಲೆಯಲ್ಲೇ ಹೊಸ ಹೆದ್ದಾರಿಯನ್ನು ಲೋಕಾರ್ಪಣೆ ಮಾಡಿದರು. ಸುಮಾರು 118 ಕಿಲೋಮೀಟರು ಉದ್ದ, 8,480 ಕೋಟಿ ರೂಪಾಯಿ ವೆಚ್ಚ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಇವುಗಳನ್ನೆಲ್ಲ ಹೊರಗಿನಿಂದಲೇ ಬಳಸಿ ಹೋಗುವ ಐದು ಬೈಪಾಸುಗಳು. ಮೂರು ಗಂಟೆಯ ಪ್ರಯಾಣ ಒಂದೂಕಾಲು ಗಂಟೆಗೆ ಇಳಿಯಿತು. ಮೊದಲ ತಿಂಗಳುಗಳಲ್ಲಿ ಅಪಘಾತಗಳು ಹೆಚ್ಚಿದ್ದರಿಂದ 2023ರ ಆಗಸ್ಟ್ 1ರಿಂದ ಮೋಟಾರು ಬೈಕು, ಆಟೋರಿಕ್ಷಾ, ಟ್ರ್ಯಾಕ್ಟರುಗಳಿಗೆ ಹೊಸ ರಸ್ತೆಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲದಂತಾಯಿತು. ಅಂದಿನಿಂದ ಬಡವನ ವಾಹನಕ್ಕೆ ಪಕ್ಕದ ರಸ್ತೆ ಮತ್ತು ಈ ಹಳೆಯ ದಾರಿಯೇ ಆಶ್ರಯ.

ಹೊಸ ರಸ್ತೆಯನ್ನು ನಾವು ಹಳಿಯುವುದಿಲ್ಲ. ಮಂಡ್ಯದಿಂದ ಹೊರಟ ರೋಗಿಯು ಮೈಸೂರಿನ ಆಸ್ಪತ್ರೆಯನ್ನು ಬೇಗ ಸೇರುವುದು ದೇವರ ಕೃಪೆಯೇ ಸರಿ. ನಮ್ಮ ಧರ್ಮಕೇಂದ್ರದ ಮರಣ ದಾಖಲೆಯ ಪುಸ್ತಕದಲ್ಲಿ ಕಾರಣವೆಂಬ ಅಂಕಣದಲ್ಲಿ ‘ರಸ್ತೆ ಅಪಘಾತ’ ಎಂದು ನಾವೇ ಕೈಯಾರೆ ಎಷ್ಟು ಸಲ ಬರೆದಿದ್ದೇವೆ! ಶಾಲೆಯ ಮಗುವನ್ನು ರಸ್ತೆ ದಾಟಿಸಲು ತಾಯಿ ನಿಂತು ಕಾಯುತ್ತಿದ್ದ ಆ ಹತ್ತು ನಿಮಿಷದ ಭಯವನ್ನು ಬಲ್ಲವರು ಹಳೆಯ ದಿನಗಳೇ ಮರಳಲಿ ಎಂದು ಹೇಳಲಾರರು. ಬಲಿಪೂಜೆಯ ಪರಮ ಗಂಭೀರ ಕ್ಷಣದಲ್ಲಿ ಲಾರಿಯ ಹಾರ್ನು ಈಗ ಕೇಳಿಸುವುದಿಲ್ಲ.

ಆದರೆ ಆ ಮೌನಕ್ಕೆ ಬೆಲೆ ತೆತ್ತವರೂ ಇದ್ದಾರೆ. ಎಳನೀರಿನ ರಾಶಿಗಳು ಸಣ್ಣವಾದವು. ಹೋಟೆಲುಗಳಲ್ಲಿ ಮೊದಲು ರಾತ್ರಿಪಾಳಿಯ ಹುಡುಗರಿಗೆ, ಆಮೇಲೆ ಹಗಲಿನವರಿಗೂ ಕೆಲಸ ತಪ್ಪಿತು. ಬಾಗಿಲು ಎಳೆದ ಅಂಗಡಿಗಳನ್ನು ನೀವೇ ಕಂಡಿದ್ದೀರಿ.

ಈಗ ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಮೈಸೂರಿನ ಕಡೆಗೆ, ಇದೇ ರಸ್ತೆಯ ಬದಿಯಲ್ಲಿ, ನಮ್ಮ ಸಭೆಯವರೇ ಆದ ಒಬ್ಬ ಹಿರಿಯರು ಚಹಾದ ಅಂಗಡಿ ಇಟ್ಟಿದ್ದರು. ಮೇತ್ರಾಸನದ ಕೆಲಸಕ್ಕೆ ಮೈಸೂರಿಗೆ ಹೋಗುವಾಗಲೂ ಬರುವಾಗಲೂ ನಾವು ಅಲ್ಲಿ ನಿಲ್ಲುತ್ತಿದ್ದೆವು. ಒಂದು ಲೋಟ ಕಾಫಿ, ಮನೆಯ ಸಮಾಚಾರ, ಒಂದು ಆಶೀರ್ವಾದ. ಕಾಲು ಗಂಟೆಯ ಮಾತು. ಹೊಸ ರಸ್ತೆಯಾದ ಮೇಲೆ ಆ ಕಾಲು ಗಂಟೆ ನಮಗೆ ಉಳಿತಾಯವಾಯಿತು. ತಿಂಗಳ ಮೇಲೆ ತಿಂಗಳು ನಾವು ಅವರ ಮನೆಯ ಹಿಂದೆ, ಎತ್ತರದ ರಸ್ತೆಯ ಮೇಲೆ, ಮುಂದಿನ ಸಭೆಯನ್ನು ನೆನೆಯುತ್ತಾ ಸಾಗಿದೆವು. ಅಂಗಡಿ ಮುಚ್ಚಿದ್ದು ತಿಳಿಯಲಿಲ್ಲ. ಅವರು ಹಾಸಿಗೆ ಹಿಡಿದದ್ದೂ ತಿಳಿಯಲಿಲ್ಲ. ಕೊನೆಗೆ ಒಂದು ಸಂಜೆ ಮಗ ಬಂದು, “ಅಪ್ಪ ತಮ್ಮನ್ನು ಕೇಳುತ್ತಿದ್ದಾರೆ, ಸ್ವಾಮಿ” ಎಂದಾಗ ಪರಿಶುದ್ಧ ತೈಲವನ್ನು ತೆಗೆದುಕೊಂಡು ಓಡಿದೆವು. ಅವರು ಕಣ್ಣು ಬಿಟ್ಟು ಕೇಳಿದ್ದು ಒಂದೇ ಮಾತು: “ಸ್ವಾಮಿಗಳು ಹಳೇ ರಸ್ತೇಲಿ ಬಂದ್ರಾ?” ಹೌದು ಎಂದೆವು. “ಹಂಗಾದ್ರೆ ಅಂಗಡಿ ನೋಡಿರ್ತೀರ” ಎಂದು ಸುಮ್ಮನಾದರು. ಆಕ್ಷೇಪಣೆಯ ಸುಳಿವು ಆ ದನಿಯಲ್ಲಿ ಇರಲಿಲ್ಲ. ಎರಡು ದಿನಗಳ ಬಳಿಕ ಅವರನ್ನು ಮಣ್ಣು ಮಾಡಿದೆವು.

ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನ ಸಾಮತಿಯನ್ನು ನಾವು ನಿಮಗೆ ಎಷ್ಟೋ ಭಾನುವಾರ ಬೋಧಿಸಿದ್ದೇವೆ. ಅವನನ್ನು ಕಂಡೂ ಪಕ್ಕದಿಂದ ಸರಿದುಹೋದ ಮೊದಲನೆಯವನು ಒಬ್ಬ ಯಾಜಕ. ಅವನಿಗೂ ಯಾವುದೋ ಜರೂರು ಕೆಲಸ ಇದ್ದಿರಬೇಕು. ಅವನಾದರೂ ಗಾಯಾಳುವನ್ನು ಕಣ್ಣಿಂದ ಕಂಡಿದ್ದನು. ನಮಗೆ ಕಾಣದಂತೆಯೇ ರಸ್ತೆ ಏರ್ಪಾಟಾಗಿತ್ತು. ನಿಂತ ಸಮಾರಿಯದವನಾದರೋ ಗಾಯಾಳುವನ್ನು ಕರೆದೊಯ್ದದ್ದು ದಾರಿಯ ಬದಿಯ ಒಂದು ಛತ್ರಕ್ಕೆ. ಛತ್ರವಿಲ್ಲದ ದಾರಿಯಾಗಿದ್ದರೆ ಅವನ ಕರುಣೆ ಅರ್ಧಕ್ಕೇ ನಿಲ್ಲುತ್ತಿತ್ತು.

ಆ ಸಮಾಧಿ ಸಂಸ್ಕಾರದ ಮಾರನೆಯ ವಾರ ನಾವು ಪಾಲನಾ ಸಮಿತಿಯನ್ನು ಮತ್ತೆ ಕರೆದೆವು.

ಹಾಗಾದರೆ ಹೆದ್ದಾರಿ ಹೋದ ಮೇಲೆ ಉಳಿದದ್ದೇನು? ಮಳವಳ್ಳಿ ತಾಲ್ಲೂಕಿನ ಗಡಿಯಲ್ಲಿ, ಶಿವನಸಮುದ್ರದ ಬಳಿ, ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ಕಲ್ಲುಕಂಬದ ಸೇತುವೆಗಳನ್ನು ನೀವು ನೋಡಿದ್ದೀರಿ. ವಾಹನಗಳು ಹೊಸ ಸೇತುವೆಗೆ ಹೋದ ಮೇಲೆ ಹಳೆಯದನ್ನು ಕೇಳುವವರು ಕಡಿಮೆಯಾದರು. 2018ರ ಕಾವೇರಿಯ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು. ಅದೇ ಮಳವಳ್ಳಿಯ ಮೂಲಕ ಕೊಳ್ಳೇಗಾಲಕ್ಕೆ ಹೋಗುವ ಹೆದ್ದಾರಿಯ ಸಂಖ್ಯೆ ಹಿಂದೆ 209 ಆಗಿತ್ತು. 2010ರ ಮರುಸಂಖ್ಯೆಯಲ್ಲಿ 948 ಆಯಿತು. ಅಲ್ಲಿ ಸಂಖ್ಯೆ ಹೋದರೂ ದಾರಿಗೆ ಏನೂ ಆಗಲಿಲ್ಲ, ಏಕೆಂದರೆ ಜನ ಅದರ ಮೇಲೆ ನಡೆಯುತ್ತಲೇ ಇದ್ದಾರೆ. ಸೇತುವೆಯ ಬಲವಾದ ಕಲ್ಲನ್ನಾದರೋ, ನೋಡಿಕೊಳ್ಳುವವರಿಲ್ಲದಾಗ ನೀರು ಒಯ್ದಿತು. ನಮ್ಮ ಮುಂದಿರುವುದು ಈ ಎರಡರಲ್ಲಿ ಒಂದು ಗತಿ.

ಆದ್ದರಿಂದ ಸಮಿತಿಯು ಒಮ್ಮನಸ್ಸಿನಿಂದ ಮಾಡಿದ ತೀರ್ಮಾನವನ್ನು ಈ ದಿನ ಪ್ರಕಟಿಸುತ್ತೇವೆ. ದೇವಾಲಯದ ಮಹಾದ್ವಾರ ಹಳೆಯ ರಸ್ತೆಯ ಕಡೆಗೇ ಇರುತ್ತದೆ. ಕಮಾನಿಗೆಂದು ಕೂಡಿಟ್ಟ ಹಣದಲ್ಲಿ ಬಾಗಿಲ ಪಕ್ಕದಲ್ಲಿ ಒಂದು ಅರವಟ್ಟಿಗೆ, ಎರಡು ಕಲ್ಲುಬೆಂಚು, ರಾತ್ರಿಯಿಡೀ ಉರಿಯುವ ಒಂದು ದೀಪ ಇವು ಆಗಲಿವೆ. ಕಾಂಪೌಂಡಿನ ಉದ್ದಕ್ಕೂ ನಮ್ಮ ಯುವಕರು ಹೊಂಗೆ ಮತ್ತು ಬೇವಿನ ಸಸಿಗಳನ್ನು ನೆಡುವರು. ನೀರು ಹಾಕುವ ಹೊಣೆಯನ್ನು ಜ್ಞಾನೋಪದೇಶದ ತರಗತಿಯ ಮಕ್ಕಳು ಹೊತ್ತಿದ್ದಾರೆ. ಅರವಟ್ಟಿಗೆಯ ಬಳಿ ಎಳನೀರು, ತಿಂಡಿ ಮಾರುವವರು ಯಾವ ಜಾತಿಮತದವರೇ ಆಗಲಿ, ಅವರಿಂದ ನೆಲಬಾಡಿಗೆ ಕೇಳುವುದಿಲ್ಲ. ಮನೆಯ ಮದುವೆ, ನಾಮಕರಣಗಳಿಗೆ ಬೇಕಾದ ಸಾಮಾನನ್ನು ಆದಷ್ಟೂ ಈ ರಸ್ತೆಯ ಅಂಗಡಿಗಳಲ್ಲೇ ಕೊಳ್ಳಿರೆಂದು ನಿಮ್ಮನ್ನು ಬೇಡುತ್ತೇವೆ.

ಇನ್ನೊಂದು ಸಂತೋಷದ ಸಂಗತಿ. ವಾಹನಗಳ ದಟ್ಟಣೆಯಿಂದಾಗಿ ನಮ್ಮ ಹಬ್ಬದ ತೇರು ಬಹುಕಾಲದಿಂದ ಅಂಗಳದಲ್ಲೇ ಸುತ್ತಿ ನಿಲ್ಲುತ್ತಿತ್ತು. ನಿನ್ನೆ ರಾತ್ರಿ ಅದು ರಸ್ತೆಯುದ್ದಕ್ಕೂ ಊರ ಕೊನೆಯವರೆಗೆ ಹೋಗಿ ಬಂದಿತು. ಮುಚ್ಚಿದ ಅಂಗಡಿಗಳ ಜಗಲಿಯ ಮೇಲೆ ಕೂಡ ಯಾರೋ ಮೇಣದ ಬತ್ತಿ ಹಚ್ಚಿಟ್ಟಿದ್ದರು. ಮುಂದಿನ ಶುಭ ಶುಕ್ರವಾರದ ಶಿಲುಬೆ ಹಾದಿಯನ್ನೂ ಈ ರಸ್ತೆಯಲ್ಲೇ ನಡೆಸುವ ಸಂಕಲ್ಪ ಮಾಡಿದ್ದೇವೆ. ಅದರ ಒಂದು ಸ್ಥಳವು ಆ ಚಹಾದ ಅಂಗಡಿಯ ಮುಂದೆ ನಿಲ್ಲಲಿದೆ.

ನೀವು ಹೊಸ ರಸ್ತೆಯಲ್ಲಿ ಧಾರಾಳವಾಗಿ ಹೋಗಿರಿ. ಜರೂರಿದ್ದಾಗ ನಾವೂ ಹೋಗುತ್ತೇವೆ. ಜರೂರಿಲ್ಲದ ದಿನ ಮಾತ್ರ ಊರೊಳಗೆ ಇಳಿದು ಬನ್ನಿರಿ. ಇಲ್ಲಿ ನಿಮ್ಮ ಗುರುತು ಹಿಡಿಯುವವರು ಇನ್ನೂ ಇದ್ದಾರೆ.

ಸರ್ವೇಶ್ವರ ದೇವರು ಈ ದಾರಿಯಲ್ಲಿ ನಡೆಯುವ ಎಲ್ಲರನ್ನೂ, ಅದರ ಬದಿಯಲ್ಲಿ ಕಾಯುತ್ತಾ ಕುಳಿತಿರುವ ಎಲ್ಲರನ್ನೂ ಹರಸಲಿ.