ದವಾಖಾನಿ

ದುಮ್ಮವಾಡದ ಬಸ್ ನಿಲ್ದಾಣ, ಮುಂಜಾನೆ. 'ಎಲ್ಲಿಗೆ ಹೊಂಟಿ ಬೇ ಯಮ್ಮಾ?' 'ಹುಬ್ಬಳ್ಳಿ ದವಾಖಾನಿಗೋ ತಮ್ಮಾ.' ಅಜ್ಜಿಯ ಬಗಲಲ್ಲಿ ಚೀಟಿಗಳ ಕೈಚೀಲ, ಕೈಯಲ್ಲಿ ರೊಟ್ಟಿಗಂಟು.

ದವಾ ಅರಬ್ಬಿ ಮಾತು, ಔಷಧ. ಖಾನಾ ಪಾರಸಿ, ಮನೆ. ಕಾರಖಾನೆ, ಬಂದೀಖಾನೆಗಳ ಒಡಹುಟ್ಟು. ಆದಿಲಶಾಹಿ ದರ್ಬಾರು, ಮರಾಠಿ ಕಚೇರಿ, 1956ರವರೆಗಿನ ಮುಂಬಯಿ ಆಡಳಿತ, ಎಲ್ಲದರ ನಡುವೆ ಈ ಮಾತು ನಮ್ಮ ಕಡೆ ಬೇರೂರಿತು.

ಹಾಗಾದರೆ ಆಸ್ಪತ್ರೆ ಅಚ್ಚಗನ್ನಡವೇ? ಅದೂ ಕಡಲು ದಾಟಿ ಬಂದದ್ದೇ. ಮೂಲ ಲ್ಯಾಟಿನ್ನಿನ ಹೋಸ್ಪೆಸ್: ಅತಿಥಿ, ಆತಿಥೇಯ ಎರಡಕ್ಕೂ ಒಂದೇ ಪದ. ಹೋಟೆಲೂ ಅದೇ ಬಳ್ಳಿಯ ಕಾಯಿ! ನನಗಂತೂ 'ಔಷಧದ ಮನೆ' ಎಂಬ ನೇರ ಮಾತೇ ಹಿಡಿಸುತ್ತದೆ. ಆದರೆ ಮಧ್ಯಾಹ್ನ ವಾರ್ಡಿನ ಹೊರಗೆ ಅಜ್ಜಿ ಗಂಟು ಬಿಚ್ಚಿ, ಗುರುತಿಲ್ಲದ ಪಕ್ಕದವರಿಗೆ ಅರ್ಧ ರೊಟ್ಟಿ ಮುರಿದುಕೊಡುತ್ತಾಳೆ: 'ತಿನ್ರಿ, ಶೇಂಗಾ ಚಟ್ನಿ ಐತಿ.'