ಜ್ವರಕ್ಕೆ ಕೂತ ಹುಳು



ಶಿಡ್ಲಘಟ್ಟದ ಕಡೆಯ ರೈತರೊಬ್ಬರು ಫೋನಿನಲ್ಲಿ ಕೇಳುತ್ತಾರೆ: "ಹುಳ ಎರಡನೇ ಜ್ವರಕ್ಕೆ ಕೂತಿದೆ, ಈಗೇನ್ ಮಾಡ್ಲಿ?" ಹುಳು ಸಾಕಿದವರು ಆಗಲೇ ನಗುತ್ತಿದ್ದೀರಿ. ಉಳಿದವರಿಗಾಗಿ ಹೇಳುತ್ತೇನೆ. ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದನ್ನೇ ನಮ್ಮವರು ಜ್ವರ ಅನ್ನುವುದು. ಸೊಪ್ಪು ನಿಲ್ಲಿಸಿ, ಹಾಸಿಗೆಗೆ ಸುಣ್ಣದ ಪುಡಿ ಉದುರಿಸಿ ಒಣಗಿಸಿ, ಗಾಳಿಯಾಡಲು ಬಿಟ್ಟರೆ ಮುಗಿಯಿತು.

ನಾನು ಮೊದಲು ಕಟ್ಟಿದ ಎಐ ಸಹಾಯಕನಿಗೆ ಇದು ತಿಳಿದಿರಲಿಲ್ಲ. ಅದರ ಕೈಗೆ ಕೊಟ್ಟಿದ್ದ ಒಂದು ಟೂಲಿಗೆ, ಅಂದರೆ ಬೇಕಾದಾಗ ಅದು ಕರೆದು ಬಳಸುವ ಪ್ರೋಗ್ರಾಮಿಗೆ, ನಾನು ಬರೆದ ವಿವರಣೆ ಒಂದೇ ಸಾಲು: "ರೇಷ್ಮೆ ಹುಳುವಿನ ಆರೋಗ್ಯದ ಮಾಹಿತಿ ಕೊಡುತ್ತದೆ." ಜ್ವರ ಎಂಬ ಮಾತು ಬಿದ್ದದ್ದೇ ತಡ, ಅದು ರೋಗಗಳ ಪಟ್ಟಿಗೆ ಓಡಿತು. "ಸುಣ್ಣ ಹಾಕ್ಲಾ?" ಎಂದು ಮತ್ತೆ ಕೇಳಿದರೆ ಸುಣ್ಣಕಟ್ಟು ರೋಗದ ಪುಟವನ್ನು ತಂದಿಟ್ಟಿತು. ಬೂಸ್ಟು ತಗುಲಿ ಹುಳು ಸತ್ತು ಸುಣ್ಣದ ಕಡ್ಡಿಯಂತೆ ಗಟ್ಟಿಯಾಗುವ ರೋಗ ಅದು. ಆರೋಗ್ಯವಾಗಿದ್ದ ಹುಳಕ್ಕೆ ನನ್ನ ಸಹಾಯಕ ಸಾವಿನ ಸುದ್ದಿ ಕೊಟ್ಟಿತ್ತು. ನಾಚಿಕೆಯಾಯಿತು.

ಇಂಥ ಸಹಾಯಕನಿಗೆ, ಅಂದರೆ ಎಐ ಏಜೆಂಟಿಗೆ, ಟೂಲಿನ ಒಳಗಿರುವ ಕೋಡ್ ಕಾಣುವುದಿಲ್ಲ. ಅದರ ಮುಂದೆ ಇರುವುದು ಟೂಲಿನ ಹೆಸರು, ನಾವು ಬರೆದ ವಿವರಣೆ, ತುಂಬಬೇಕಾದ ಖಾನೆಗಳು, ಇಷ್ಟೇ. ಓಪನ್‌ಎಐ 2023ರ ಜೂನ್‌ನಲ್ಲಿ ಟೂಲು ಕರೆಯುವ ಸೌಲಭ್ಯವಾದ ಫಂಕ್ಷನ್ ಕಾಲಿಂಗ್ ತಂದಾಗಲೂ, ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಟೂಲುಗಳನ್ನು ಜೋಡಿಸಲು ಎಂಸಿಪಿ ಎಂಬ ಸಾಮಾನ್ಯ ಪದ್ಧತಿಯನ್ನು ಹೊರತಂದಾಗಲೂ ಏರ್ಪಾಡು ಇದೇ. ನಾಡಕಚೇರಿಗೆ ಮೊದಲ ದಿನ ಬಂದ ಗುಮಾಸ್ತನಂತೆ ಅದು ಬೋರ್ಡು ಓದಿಯೇ ಬಾಗಿಲು ತಟ್ಟಬೇಕು. ಎಲ್ಲ ಬಾಗಿಲಿಗೂ "ಮಾಹಿತಿ" ಎಂದು ಬರೆದರೆ ಆ ಹುಡುಗ ಏನು ಮಾಡಿಯಾನು?

ವಿವರಣೆಯನ್ನು ಮತ್ತೆ ಬರೆದೆ: "ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಗಂಟುರೋಗ, ಇವುಗಳ ಲಕ್ಷಣ ಹೇಳಿದಾಗ ಮಾತ್ರ ಇದನ್ನು ಬಳಸಿ. ರೈತರು ಒಂದನೇ, ಎರಡನೇ ಜ್ವರ ಎಂದರೆ ಪೊರೆ ಬಿಡುವ ಹಂತ. ಆಗ ಇದನ್ನು ಬಳಸಬೇಡಿ, ಸಾಕಾಣಿಕೆ ಟೂಲನ್ನು ಕರೆಯಿರಿ." ಯಾವಾಗ ಬಳಸಬಾರದು ಎಂಬ ಆ ಎರಡನೇ ಭಾಗವನ್ನು ನಾವು ಬರೆಯುವುದೇ ಇಲ್ಲ. ನನ್ನ ಅನುಭವದಲ್ಲಿ ಹೆಚ್ಚು ಕೆಲಸ ಮಾಡುವುದು ಅದೇ.

ಇನ್ನು ಖಾನೆಗಳು. "ಮೊಟ್ಟೆ: ಸಂಖ್ಯೆ" ಎಂದು ಬರೆದು ಕೈತೊಳೆದುಕೊಂಡರೆ ಆಗದು. ನೂರು ಮೊಟ್ಟೆ ಮೇಯಿಸಿದೆ ಎಂದು ರೈತ ಹೇಳಿದರೆ ನೂರು ಹುಳು ಎಂದಲ್ಲ. ಅವರ ಬಾಯಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಇಡೀ ತಂಡ. ಅದರಲ್ಲಿ ನಾನೂರು ಐನೂರು ಮರಿಗಳಾಗುತ್ತವೆ. ಸೊಪ್ಪಿನ ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತದೆ, ನೀವೇ ಯೋಚಿಸಿ.

ಪಹಣಿ ಇದಕ್ಕಿಂತ ಮೋಸದ್ದು, ಏಕೆಂದರೆ ಅಲ್ಲಿರುವುದು ಅಂಕಿ, ಅಂಕಿಯನ್ನು ಯಾರೂ ಅನುಮಾನಿಸುವುದಿಲ್ಲ. ವಿಸ್ತೀರ್ಣದ ಕಡೆ 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಅಂದರೆ ಎರಡೂವರೆ ಎಕರೆ. ಅದರ ಪಕ್ಕದ 1.30ರ ತುಂಡನ್ನೂ ಕೂಡಿಸು ಎಂದರೆ ಯಂತ್ರ ದಶಮಾಂಶವೆಂದು ತಿಳಿದು 3.50 ಎನ್ನುತ್ತದೆ. ಯಾವ ಗ್ರಾಮ ಆಡಳಿತಾಧಿಕಾರಿಯೂ 50 ಗುಂಟೆ ಎಂದು ಬರೆಯುವುದಿಲ್ಲ, ಉತ್ತರ 4.10. ಎಕರೆ ಒಂದು ಖಾನೆ, ಗುಂಟೆ ಇನ್ನೊಂದು ಖಾನೆ ಎಂದು ಬೇರೆ ಮಾಡಿ, ಗುಂಟೆ 0ಯಿಂದ 39ರ ಒಳಗಿರಬೇಕು ಎಂದು ಬರೆದರೆ ಈ ತಾಪತ್ರಯ ಹುಟ್ಟುವುದೇ ಇಲ್ಲ.

ಊರಿನ ಹೆಸರೂ ಹಾಗೆಯೇ. ಅಂಬಾಜಿದುರ್ಗ ಎಂದರೆ ಚಾರಣಕ್ಕೆ ಬಂದವರಿಗೆ ಬೆಟ್ಟ, ಇತಿಹಾಸದವರಿಗೆ ಕೋಟೆ, ಮಳೆ ಕೇಳುವ ರೈತರಿಗೆ ಚಿಂತಾಮಣಿ ತಾಲ್ಲೂಕಿನ ಒಂದು ಹೋಬಳಿ. 2007ಕ್ಕೆ ಮುಂಚಿನ ಕಡತವಾದರೆ ಜಿಲ್ಲೆಯ ಜಾಗದಲ್ಲಿ ಕೋಲಾರ ಎಂದಿರುತ್ತದೆ. ಇದೆಲ್ಲ ವಿವರಣೆಯಲ್ಲಿ ಇರಲಿ. ಟೂಲು ಸೋತಾಗ "ಮಾಹಿತಿ ಲಭ್ಯವಿಲ್ಲ" ಎಂದು ಬಾಗಿಲು ಹಾಕಿಕೊಳ್ಳದೆ, "ಈ ಹೆಸರಿನ ಊರುಗಳು ಒಂದಕ್ಕಿಂತ ಹೆಚ್ಚಿವೆ, ಹೋಬಳಿ ಯಾವುದೆಂದು ಕೇಳಿ" ಎಂದು ಮುಂದಿನ ದಾರಿ ತೋರಿಸಲಿ.

ವಿವರಣೆ ಕನ್ನಡದಲ್ಲಿರಬೇಕೋ ಇಂಗ್ಲಿಷಿನಲ್ಲೋ ಎಂದು ಬೆಳಿಗ್ಗೆ ಚಹಾದ ಹೊತ್ತಿನಲ್ಲೇ ಜಗಳ ಶುರುವಾಗಿತ್ತು. ನನಗೆ ಅದರಲ್ಲಿ ಹಟವಿಲ್ಲ. ಆದರೆ ಜ್ವರ, ಮೊಟ್ಟೆ, ಗುಂಟೆ, ಈ ಮಾತುಗಳು ಕನ್ನಡ ಅಕ್ಷರದಲ್ಲಿ, ರೈತರು ಆಡುವ ಹಾಗೆಯೇ ಅಲ್ಲಿರಬೇಕು. ಈ ಸೀಮೆಯಲ್ಲಿ ಅರ್ಧ ಮಾತು ತೆಲುಗಿನಲ್ಲಿ ನಡೆಯುತ್ತದೆ, ಆ ತೆಲುಗು ಮಾತುಗಳೂ ಇರಲಿ.

ಮಧ್ಯಾಹ್ನ ಊಟದ ನಂತರ ಇನ್ನಷ್ಟು ಹುಳು ಸಾಕುವವರೂ ರೀಲರ್‌ಗಳೂ ಇಲ್ಲಿಗೆ ಬರುತ್ತಾರೆ. ನೀವು ಬರೆದಿರುವ ವಿವರಣೆಗಳನ್ನು ಅವರ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ. ಅವರು ಎಲ್ಲಿ ನಗುತ್ತಾರೋ ಆ ಸಾಲನ್ನು ದಯವಿಟ್ಟು ಅಲ್ಲೇ ತಿದ್ದಿ.