ಡಬ್ಬಿ ಹುಡುಕಲು ಹೋಗಿ

ಕಳೆದ ಮೇ ತಿಂಗಳಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಚಾಕು, ಕತ್ತರಿ, ಉಕ್ಕಿಗೆ ಹೆಸರಾದ ಊರು ಅದು. ಒಂದು ಭಾನುವಾರ ಬೆಳಿಗ್ಗೆ ಮೊಮ್ಮಗ, "ತಾತ, ನಿಧಿ ಹುಡುಕೋಕೆ ಬರ್ತೀಯಾ?" ಎಂದ. ಎಂಟು ವರ್ಷದ ಹುಡುಗ ಕರೆದರೆ ಇಲ್ಲವೆನ್ನಲಾದೀತೇ? ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಹೊರಟೆ.

ಈ ಆಟಕ್ಕೆ ಜಿಯೋಕ್ಯಾಷಿಂಗ್ ಎಂದು ಹೆಸರು. ಯಾರೋ ಒಂದು ಪುಟ್ಟ ಡಬ್ಬಿಯನ್ನು ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಇಂಟರ್‌ನೆಟ್ಟಿನಲ್ಲಿ ತಿಳಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಬೇಕು. 2000ನೇ ಇಸವಿಯ ಮೇ 2ರಂದು ಅಮೆರಿಕ ಸರ್ಕಾರ, ಜನಸಾಮಾನ್ಯರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಮರುದಿನವೇ ಡೇವ್ ಅಲ್ಮರ್ ಎಂಬಾತ ಆರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ ಬಚ್ಚಿಟ್ಟು ಈ ಆಟಕ್ಕೆ ನಾಂದಿ ಹಾಡಿದ. ಡಬ್ಬಿಯಲ್ಲಿ ನಿಧಿಯೇನೂ ಇರುವುದಿಲ್ಲ ಬಿಡಿ. ಒಂದು ಪುಟ್ಟ ಪುಸ್ತಕ, ಗೋಲಿ, ಕೀಚೈನು, ಅಷ್ಟೇ. ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು ಬರಬೇಕು.

ನಾವು ಹೋದದ್ದು ಎಕಲ್‌ಸಾಲ್ ವುಡ್ಸ್ ಎಂಬ ಕಾಡಿಗೆ. ಸುಮಾರು 350 ಎಕರೆ. ಅಲ್ಲಿಯವರಿಗೆ ಅದು ದೊಡ್ಡದೇ. ಬೊರಿವಲಿಯ ರಾಷ್ಟ್ರೀಯ ಉದ್ಯಾನ ನೋಡಿದ ನಮ್ಮ ಕಣ್ಣಿಗೆ ಮಾತ್ರ ಅದರ ಎಪ್ಪತ್ತರಲ್ಲಿ ಒಂದು ಪಾಲು. ನೆಲದ ತುಂಬ ನೀಲಿ ಬ್ಲೂಬೆಲ್ ಹೂಗಳು. ಇದೊಂದು ಕಾರ್ಖಾನೆಯಾಗಿತ್ತು ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ.

ಎಲೆಗಳ ಅಡಿಯಲ್ಲಿ ಜಿಪಿಎಸ್ ತಡವರಿಸುತ್ತದೆ. ಇನ್ನು ಹತ್ತು ಮೀಟರ್ ಎಂದು ಮೊಬೈಲು ತೋರಿಸಿದ್ದೇ ತಡ, ಹುಡುಗ ತರಗೆಲೆ ತುಂಬಿದ ಒಂದು ಗುಂಡಿಗೆ ಇಳಿದು ಕೋಲಿನಿಂದ ಅಗೆಯತೊಡಗಿದ. "ಅಗೀಬೇಡ! ಡಬ್ಬೀನ ಯಾರೂ ಹೂತಿಡಲ್ಲ ಕಣೋ" ಎಂದು ಮಗಳು ಕೂಗಿದಳು. ಅದು ಈ ಆಟದ ನಿಯಮವಂತೆ. ಆಮೇಲೆ ಗುಂಡಿಯನ್ನು ತೋರಿಸಿ, "ಅಪ್ಪಾ, ಇದನ್ನ ಸ್ವಲ್ಪ ನೋಡಿ" ಎಂದಳು.

ನೋಡಿದೆ. ಬಾವಿಯಂತೆ ದುಂಡಗೆ, ಸೊಂಟದವರೆಗಿನ ಆಳ. ಇಳಿಜಾರಿನ ಕಡೆ ಅಂಚು ಒಡೆದು ಒಂದು ಕಾಲುವೆಯಂತಿದೆ. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಕ್ಯೂ ಅಕ್ಷರ. ಅದಕ್ಕೇ ಕ್ಯೂ-ಪಿಟ್ ಎಂದು ಹೆಸರು. ಆ ಕಾಡಿನಲ್ಲಿ ಇಂಥವು ನೂರಕ್ಕೂ ಹೆಚ್ಚು ಇವೆ. ಹದಿನಾರನೇ ಶತಮಾನದ ಕೊನೆಯಿಂದ ಹದಿನೆಂಟರ ನಡುವಿನವರೆಗೆ ಇವುಗಳಲ್ಲಿ ಸೌದೆ ಒಣಗಿಸುತ್ತಿದ್ದರು. ಪಕ್ಕದ ಡರ್ಬಿಶೈರಿನ ಅದಿರಿನಿಂದ ಸೀಸ ಕರಗಿಸಲು ಹಸಿ ಸೌದೆ ಸಾಲದು, ಬರಿಯ ಇದ್ದಿಲಿನ ಕಾವು ಅತಿಯಾಗುತ್ತದೆ. ಹಾಗಾಗಿ ತೊಗಟೆ ಸುಲಿದು, ಕಪ್ಪಾಗದಂತೆ ಬಿಸಿಯಲ್ಲಿ ಒಣಗಿಸಿದ ಸೌದೆ ಬೇಕು. ಅದಕ್ಕೆ ವೈಟ್ ಕೋಲ್, ಬಿಳಿ ಇದ್ದಿಲು ಎಂದೇ ಹೆಸರು! ನಿಜವಾದ ಇದ್ದಿಲನ್ನೂ ಅಲ್ಲೇ ಸುಡುತ್ತಿದ್ದರು. ಅದರ ಗೂಡು ಹಾಕಲು ಇಳಿಜಾರಿನಲ್ಲಿ ಮಾಡಿದ ಸಮತಟ್ಟು ಜಾಗಗಳು ಈಗಲೂ ಕಾಣುತ್ತವೆ. ಮುನ್ನೂರು ವರ್ಷ ಉಳಿದುಬಂದ ಗುಂಡಿಯನ್ನು ನಮ್ಮ ಹುಡುಗ ಎರಡೇ ನಿಮಿಷದಲ್ಲಿ ಕೆದಕಿ ಹಾಳುಮಾಡುತ್ತಿದ್ದ.

ಇನ್ನಷ್ಟು ದೂರದಲ್ಲಿ ಒಂದು ಕಲ್ಲು ಇದೆ. ಜಾರ್ಜ್ ಯಾರ್ಡ್ಲಿ ಎಂಬ ಇದ್ದಿಲು ಸುಡುವವನದು. 1786ರ ಅಕ್ಟೋಬರ್ 11ರಂದು ಈ ಕಾಡಿನಲ್ಲೇ ತನ್ನ ಗುಡಿಸಲಿನಲ್ಲಿ ಬೆಂಕಿಗೆ ಸಿಕ್ಕಿ ಸತ್ತ. ಇದ್ದಿಲಿನ ಗೂಡನ್ನು ಹಗಲೂ ರಾತ್ರಿ ಕಾಯಬೇಕು. ಗಾಳಿ ನುಗ್ಗಿದರೆ ಎಲ್ಲ ಬೂದಿ. ಹಾಗಾಗಿ ವಾಸವೂ ಅಲ್ಲೇ. ಕಲ್ಲು ನಿಲ್ಲಿಸಿದವರ ಹೆಸರುಗಳೂ ಅದರ ಮೇಲಿವೆ. ಅವರಲ್ಲೊಬ್ಬ ಹೋಟೆಲಿನವನು, ಒಬ್ಬ ಪೊರಕೆ ಕಟ್ಟುವವನು. ಶ್ರೀಮಂತರಲ್ಲ, ಜೊತೆಯವರು.

ನಾನು ಅಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ನಿಂತೆ. ಕಾರಣ ಹೇಳಬೇಕು. ನಾನು ಭದ್ರಾವತಿಯವನು. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಮರದ ಇದ್ದಿಲಿನಿಂದ. ನಮ್ಮ ತಾತ ಅಲ್ಲಿ ಇದ್ದಿಲು ಅಳೆಯುತ್ತಿದ್ದರು. ಸಂಜೆ ಮನೆಗೆ ಬಂದರೆ ಕಿವಿಯೊಳಗೂ ಕಪ್ಪು ಎಂದು ಅಜ್ಜಿ ಹೇಳುತ್ತಿದ್ದರು. ಆದರೆ ಕಾಡಿನಲ್ಲಿ ಮರ ಕಡಿದವರ, ಸುಟ್ಟವರ ಒಂದು ಹೆಸರನ್ನೂ ನಾನು ಕೇಳಿಲ್ಲ. ಕೇಳಬೇಕೆಂದು ಆಗ ತೋಚಲೂ ಇಲ್ಲ, ಈಗ ಹೇಳುವವರಿಲ್ಲ.

ಡಬ್ಬಿ ಸಿಕ್ಕಿತು, ಬಿದ್ದ ಮರದ ದಿಮ್ಮಿಯ ಹಿಂದೆ. ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಗಿಂತ ಚಿಕ್ಕದು. ಮೊಮ್ಮಗ ಗೋಲಿ ತೆಗೆದುಕೊಂಡು ಒಂದು ಐದು ರೂಪಾಯಿ ನಾಣ್ಯ ಇಟ್ಟ. ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆದು, ಪೆನ್ಸಿಲ್ ನನ್ನ ಕೈಗೆ ಕೊಟ್ಟ. ನಾನು ಕನ್ನಡದಲ್ಲಿ ಬರೆದೆ: ನಮ್ಮ ತಾತನ ಹೆಸರು, ಅದರ ಕೆಳಗೆ, ಇದ್ದಿಲು ವಿಭಾಗ, ಭದ್ರಾವತಿ.